ಕೂಲಂಟ್ ಎಲ್ಲಿ ಹೋಗುತ್ತಿತ್ತು? ಸೀಲಂಟ್ ಕುಡಿಸಿದ್ದ ಕಾರಿನ ಲೀಕ್ ಹುಡುಕಿದ ಕಥೆ

ಕಾರು ನಿಲ್ಲಿಸಿದ ಜಾಗದಲ್ಲಿ ನೆಲ ಒದ್ದೆಯಾಗಿದ್ದರೆ ಲೀಕ್ ಹುಡುಕುವ ಕೆಲಸ ಅರ್ಧ ಮುಗಿದ ಹಾಗೇ. ನನ್ನ ಕಾರಿನ ಕೆಳಗೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಆದರೂ ಎಂಜಿನ್ ತಣಿಸುವ ದ್ರವವಾದ ಕೂಲಂಟ್, ಅದನ್ನು ತುಂಬಿಸುವ ಎಕ್ಸ್‌ಪ್ಯಾನ್ಶನ್ ಟ್ಯಾಂಕಿನಲ್ಲಿ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಮೆಲ್ಲಗೆ ಇಳಿಯುತ್ತಿತ್ತು. ತುಂಬಿಸಿದರೆ ಕೆಲವು ವಾರ ಸುಮ್ಮನಿದ್ದು ಮತ್ತೆ ಇಳಿಯುತ್ತಿತ್ತು. ದೂರ ಓಡಿಸಿ ಬಂದು ಎಂಜಿನ್ ಆಫ್ ಮಾಡಿ ಬಾನೆಟ್ ಹತ್ತಿರ ನಿಂತರೆ ಸಿಹಿ ಬೆರೆತ ಒಂದು ವಾಸನೆ ಬರುತ್ತಿತ್ತು. ಅದು ಬಿಸಿ ಲೋಹದ ಮೇಲೆ ಆವಿಯಾಗುವ ಕೂಲಂಟಿನದೇ ವಾಸನೆ. ಹನಿ ನೆಲ ಮುಟ್ಟುವ ಮೊದಲೇ ಎಂಜಿನ್ನಿನ ಮೇಲೆ ಒಣಗಿಹೋಗುತ್ತಿದೆ ಎಂದು ತಿಳಿಯಲು ಅಷ್ಟು ಸಾಕಾಗಿತ್ತು. ಎಲ್ಲಿ ಒಣಗುತ್ತಿದೆ ಎಂಬುದಷ್ಟೇ ಗೊತ್ತಾಗಬೇಕಿತ್ತು.

ಕಾರು ಸೆಕೆಂಡ್ ಹ್ಯಾಂಡ್. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್; ಕೂಲಂಟನ್ನು ಸುತ್ತಿಸುವ ವಾಟರ್ ಪಂಪನ್ನು, ವಾಲ್ವುಗಳ ಸಮಯ ಕಾಯುವ ಟೈಮಿಂಗ್ ಬೆಲ್ಟೇ ತಿರುಗಿಸುವ ವಿನ್ಯಾಸ. ಈ ಕೊನೆಯ ವಿವರ ಮುಂದೆ ಬಹಳ ಮುಖ್ಯವಾಗಲಿದೆ.

ಮೊದಲು ತೋರಿಸಿದ ಗ್ಯಾರೇಜಿನ ಹುಡುಗ ಟಾರ್ಚ್ ಹಾಕಿ ಮೇಲೆ ಕೆಳಗೆ ನೋಡಿದ. “ಏನೂ ಕಾಣ್ತಿಲ್ಲ ಸಾರ್. ಒಂದು ಬಾಟ್ಲಿ ಸ್ಟಾಪ್ ಲೀಕ್ ಹಾಕಿಬಿಡೋಣ, ಸಣ್ಣಪುಟ್ಟದೆಲ್ಲ ಅದೇ ಮುಚ್ಕೊಳ್ಳತ್ತೆ” ಎಂದ.

“ಲೀಕ್ ಎಲ್ಲಿದೆ ಅಂತಾನೇ ಗೊತ್ತಿಲ್ವಲ್ಲಪ್ಪ, ಏನನ್ನ ಮುಚ್ಚೋದು?”

“ಅದು ತಾನಾಗೇ ಹುಡುಕ್ಕೊಂಡು ಹೋಗತ್ತೆ ಸಾರ್.”

ಹುಡುಗ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಈ ಸೀಲಂಟ್ ಬಾಟಲಿಯಲ್ಲಿರುವುದು ಹೆಚ್ಚಾಗಿ ಸಣ್ಣ ನಾರು, ಲೋಹದ ಚೂರು ಅಥವಾ ಸಸ್ಯದ ಪುಡಿ. ಕೂಲಂಟಿನ ಜೊತೆ ಸುತ್ತುತ್ತಾ, ಎಲ್ಲಿ ದ್ರವ ಹೊರಗೆ ನುಸುಳುತ್ತಿದೆಯೋ ಅಲ್ಲಿಗೆ ಸೆಳೆದುಕೊಂಡು ಹೋಗಿ ತೂತಿನ ಬಾಯಿಗೆ ಅಡ್ಡ ಕೂರುತ್ತದೆ. ಇನ್ನೊಂದು ಬಗೆಯಲ್ಲಿ ಸೋಡಿಯಂ ಸಿಲಿಕೇಟ್ ಇರುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲ್) ರಿಪೇರಿಗೆಂದು ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಜಾಸ್ತಿ ಬಿಸಿಯಿರುವ ಕಡೆ ನೀರಿನಂಶ ಹೋಗಿ ಗಾಜಿನಂಥ ಪೊರೆಯಾಗಿ ಗಟ್ಟಿಯಾಗುತ್ತದೆ. ರೇಡಿಯೇಟರಿಗೆ ಮೆಣಸಿನ ಪುಡಿ ಸುರಿಯುತ್ತಿದ್ದ, ಕೋಳಿಮೊಟ್ಟೆಯ ಬಿಳಿ ಒಡೆದು ಹಾಕುತ್ತಿದ್ದ ಹಳೆಯ ಚಾಲಕರ ಉಪಾಯದ ಹಿಂದೆಯೂ ಇದೇ ತರ್ಕವಿತ್ತು. ತೊಂದರೆ ಏನೆಂದರೆ ಕಿರಿದಾದ ದಾರಿ ಯಾವುದು, ಲೀಕ್ ಯಾವುದು ಎಂಬ ವ್ಯತ್ಯಾಸ ಆ ಪುಡಿಗೆ ತಿಳಿಯುವುದಿಲ್ಲ. ಈಗಿನ ರೇಡಿಯೇಟರುಗಳ ಕೊಳವೆ ಒಳಗಡೆ ಒಂದೆರಡು ಮಿಲಿಮೀಟರು ಅಗಲವಿದ್ದರೆ ಹೆಚ್ಚು. ಕಾರಿನೊಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರಿನ, ಅಂದರೆ ಹೀಟರ್ ಕೋರಿನ, ಕೊಳವೆಗಳೂ ಅಷ್ಟೇ ಸಣ್ಣವು. ಸಾಲದ್ದಕ್ಕೆ ಅಲ್ಲಿ ಹರಿವೂ ನಿಧಾನ.

ಬೇಡವೆಂದು ಹೇಳಿ ಕಾರು ವಾಪಸ್ ತಂದೆ. ಕೂಲಿಂಗ್ ವ್ಯವಸ್ಥೆಗೆ ಗಾಳಿ ಪಂಪ್ ಮಾಡಿ ಒತ್ತಡ ನಿಲ್ಲುತ್ತದೆಯೋ ನೋಡುವ ಪ್ರೆಶರ್ ಟೆಸ್ಟರ್ ಒಂದನ್ನು ಪರಿಚಯದವರಿಂದ ಎರವಲು ಪಡೆದು ನಾನೇ ಹುಡುಕುವುದೆಂದು ನಿರ್ಧರಿಸಿದೆ.

ಅದಕ್ಕೂ ಮುಂಚೆ ಒಂದು ಅನುಮಾನ ಬಗೆಹರಿಯಬೇಕಿತ್ತು. ಕೂಲಂಟ್ ಹೊರಗೆ ಹೋಗದೆ ಸಿಲಿಂಡರಿನೊಳಗೇ ಹೋಗಿ ಉರಿದುಹೋಗುತ್ತಿದ್ದರೆ? ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಹೋಸು, ಕ್ಲಾಂಪು ನೋಡುತ್ತಾ ಕೂರುವುದು ವ್ಯರ್ಥ. ಎಂಜಿನ್ ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಿರಲಿಲ್ಲ. ಇವೆರಡನ್ನೇ ನಂಬಿಕೊಳ್ಳುವಂತಿಲ್ಲ, ಶುರುವಿನಲ್ಲಿ ಎರಡೂ ಕಾಣಿಸದೇ ಇರಬಹುದು. ಬ್ಲಾಕ್ ಟೆಸ್ಟರ್ ಎಂಬ ಸರಳ ಸಾಧನವಿದೆ: ಒಂದು ಪಾರದರ್ಶಕ ಕೊಳವೆ, ಅದರಲ್ಲಿ ನೀಲಿ ದ್ರವ. ಎಂಜಿನ್ ಓಡುತ್ತಿರುವಾಗ ಕೂಲಂಟಿನ ಮೇಲಿರುವ ಗಾಳಿಯನ್ನು ಆ ದ್ರವದ ಮೂಲಕ ಹೀರಿಸಬೇಕು. ಉರಿದ ಪೆಟ್ರೋಲಿನ ಇಂಗಾಲದ ಡೈ ಆಕ್ಸೈಡ್ ಅದರಲ್ಲಿ ಬೆರೆತಿದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ನನ್ನದು ಕೊನೆಯವರೆಗೂ ನೀಲಿಯಾಗಿಯೇ ಉಳಿಯಿತು. ಹೆಡ್ ಬಿಚ್ಚುವ ಭಯ ಅಲ್ಲಿಗೆ ಹೋಯಿತು.

ಪ್ರೆಶರ್ ಟೆಸ್ಟಿಗೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೂಲಿಂಗ್ ವ್ಯವಸ್ಥೆ ಕೆಲಸ ಮಾಡುವುದೇ ಒತ್ತಡದ ಮೇಲೆ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ಮಿಶ್ರಣ ತೆರೆದ ಪಾತ್ರೆಯಲ್ಲಾದರೆ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ 15 ಪಿಎಸ್‌ಐ (ಚದರ ಇಂಚಿಗೆ 15 ಪೌಂಡ್) ಒತ್ತಡ ಹಿಡಿದಿಟ್ಟರೆ ಅದೇ ಮಿಶ್ರಣ 129 ಡಿಗ್ರಿವರೆಗೂ ಕುದಿಯದೆ ತಡೆಯುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದ ಕ್ಷಣ ಆ ಒತ್ತಡ ಇಲ್ಲವಾಗುತ್ತದೆ, ಒಳಗಿರುವುದೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಎರಚುತ್ತದೆ. ಇದೇ ಕಾರಣಕ್ಕೆ ಲೀಕ್ ಇರುವ ಕಾರು ಬೇಗ ಕುದಿಯುತ್ತದೆ. ಕೂಲಂಟ್ ಕಮ್ಮಿಯಾಗುವುದು ಒಂದು ತೊಂದರೆಯಾದರೆ ಒತ್ತಡ ನಿಲ್ಲದಿರುವುದು ಇನ್ನೊಂದು.

ನನ್ನ ಕಾರಿನ ಮುಚ್ಚಳದ ಮೇಲೆ 1.1 ಬಾರ್ ಎಂದು ಬರೆದಿತ್ತು, ಎಂದರೆ 16 ಪಿಎಸ್‌ಐ. ಟೆಸ್ಟರನ್ನು ಟ್ಯಾಂಕಿನ ಬಾಯಿಗೆ ಕೂರಿಸಿ ಅಷ್ಟಕ್ಕೇ ಪಂಪ್ ಮಾಡಿದೆ. ಅದಕ್ಕಿಂತ ಮೇಲೆ ಹೋದರೆ ಚೆನ್ನಾಗಿರುವ ಪ್ಲಾಸ್ಟಿಕ್ ಟ್ಯಾಂಕನ್ನೂ ಸೀಳಿ ಹಾಕುವ ಸಾಧ್ಯತೆಯಿದೆ. ಮುಳ್ಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯತೊಡಗಿತು. ಹತ್ತು ನಿಮಿಷ ಬಿಟ್ಟು ನೋಡಿದರೆ 1.1 ಇದ್ದದ್ದು 0.8ರ ಹತ್ತಿರ ಬಂದಿತ್ತು. ಲೀಕ್ ಇರುವುದು ಖಾತ್ರಿ, ಅದೂ ಎಂಜಿನ್ ತಣ್ಣಗಿರುವಾಗಲೇ. ಮುಚ್ಚಳವನ್ನೂ ಅದೇ ಟೆಸ್ಟರಿಗೆ ಸಿಕ್ಕಿಸಿ ನೋಡಿದೆ. ಸ್ಪ್ರಿಂಗ್ ಸಡಿಲವಾದ ಮುಚ್ಚಳ ಹೊತ್ತಿಗೆ ಮುಂಚೆಯೇ ಬಾಯಿಬಿಟ್ಟು ಕೂಲಂಟನ್ನು ಆವಿಯಾಗಿ ಹೊರಗೆ ಹಾಕುವುದುಂಟು. ಲೀಕ್ ಎಂದು ಎಂಜಿನ್ನೆಲ್ಲ ಹುಡುಕಿ ಕೊನೆಗೆ ಮುಚ್ಚಳ ಬದಲಾಯಿಸಿದ ಕಥೆಗಳು ಬೇಕಾದಷ್ಟಿವೆ. ನನ್ನ ಮುಚ್ಚಳ ಸರಿಯಾಗಿತ್ತು.

ಮತ್ತೆ ಪಂಪ್ ಮಾಡಿ, ಟಾರ್ಚ್ ಮತ್ತು ಉದ್ದ ಹಿಡಿಯ ಸಣ್ಣ ಕನ್ನಡಿ ಹಿಡಿದು ಒಂದೊಂದೇ ಜೋಡಣೆ ನೋಡುತ್ತಾ ಹೋದೆ. ರೇಡಿಯೇಟರಿನ ಎರಡೂ ಹೋಸು, ಅವುಗಳ ಕ್ಲಾಂಪು, ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಮಡಚಿ ಕೂತಿರುವ ಅಂಚು, ಹೀಟರಿಗೆ ಹೋಗುವ ಹೋಸು. ಎಲ್ಲ ಒಣಗಿದ್ದವು. ಮುಂದಿನ ಸೀಟಿನ ಕಾಲ ಬಳಿ ಮ್ಯಾಟ್ ಎತ್ತಿ ಮುಟ್ಟಿ ನೋಡಿದೆ, ಹೀಟರ್ ಕೋರ್ ಸೋರಿದರೆ ಅಲ್ಲಿ ತೇವ ಇರುತ್ತದೆ. ಅಲ್ಲೂ ಏನಿಲ್ಲ. ಕೊನೆಗೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ವಾಲ್ವ್) ಕೂರುವ ಹೌಸಿಂಗಿನ ಕೆಳಗೆ ಕನ್ನಡಿ ತೂರಿಸಿದಾಗ ಒಂದು ತೆಳು ಗುಲಾಬಿ ಮಿಶ್ರಿತ ಬಿಳಿ ಪುಡಿ ಕಂಡಿತು. ಕೂಲಂಟ್ ಒಣಗಿದ ಜಾಗದಲ್ಲಿ ಅದರ ಬಣ್ಣ ಮತ್ತು ಉಪ್ಪು ಹೀಗೆ ಉಳಿದುಬಿಡುತ್ತವೆ. ಒರೆಸಿ, ಟಿಶ್ಯೂ ಕಾಗದದ ತುದಿಯನ್ನು ಆ ಸಂದಿಗೆ ಒತ್ತಿ ಹಿಡಿದೆ. ಕಾಗದದ ಅಂಚು ನಿಧಾನವಾಗಿ ಗುಲಾಬಿಯಾಯಿತು.

ಹೌಸಿಂಗ್ ಬಿಚ್ಚಬೇಕೆಂದರೆ ಕೂಲಂಟ್ ಇಳಿಸಬೇಕು. ರೇಡಿಯೇಟರಿನ ತಳದ ಪ್ಲಗ್ ಬಿಚ್ಚಿ ಅಗಲವಾದ ಟಬ್ ಇಟ್ಟೆ. ಮೊದಲು ಬಂದದ್ದು ಸರಿಯಾಗಿಯೇ ಇತ್ತು. ಕೊನೆಕೊನೆಗೆ ಕಂದು ಬಣ್ಣದ ಕೆಸರು ಬಂತು. ಬೆರಳಿನಿಂದ ಉಜ್ಜಿದರೆ ಮರಳಿನಂತೆ ತರಿತರಿ. ಟಾರ್ಚ್ ಬೆಳಕಿಗೆ ಹಿಡಿದರೆ ಅದರಲ್ಲಿ ತಾಮ್ರದ ಬಣ್ಣದ ಸಣ್ಣ ಚೂರುಗಳು ಮಿನುಗುತ್ತಿದ್ದವು. ಎಂಜಿನ್ನಿನ ಒಳಗಿನ ತುಕ್ಕು ಹೀಗೆ ಮಿನುಗುವುದಿಲ್ಲ. ನಾನು ಬೇಡವೆಂದ ಬಾಟಲಿಯನ್ನು ಈ ಕಾರಿಗೆ ಯಾರೋ ಮೊದಲೇ ಕುಡಿಸಿಯಾಗಿತ್ತು.

ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಬಿಚ್ಚಿ ತಲೆಕೆಳಗು ಮಾಡಿದಾಗಲೂ ಅದೇ ಕೆಸರು ತಳದಲ್ಲಿ ಪದರವಾಗಿ ಅಂಟಿತ್ತು. ಹೌಸಿಂಗಿನ ಬೋಲ್ಟು ಬಿಚ್ಚಿ ಎಳೆದಾಗ ಸುತ್ತಲಿನ ರಬ್ಬರಿನ ಓ-ರಿಂಗ್ ತನ್ನ ದುಂಡಗಿನ ಆಕಾರ ಬಿಟ್ಟು ಚಪ್ಪಟೆಯಾಗಿ, ಕಲ್ಲಿನಷ್ಟು ಗಟ್ಟಿಯಾಗಿತ್ತು. ತೋಡಿನಿಂದ ಎಬ್ಬಿಸಲು ಹೋದರೆ ಬಳೆಯ ಹಾಗೆ ಚಟ್ಟನೆ ಮುರಿಯಿತು. ಅದರ ಹೊರ ಅಂಚಿನಲ್ಲಿ ಕಂದು ಕೆಸರಿನದೊಂದು ಗೆರೆ. ಸೀಲಂಟ್ ಇಲ್ಲಿಗೆ ಬಂದಿತ್ತು, ಒಂದಷ್ಟು ಕಾಲ ತಡೆದೂ ಇತ್ತು. ಆದರೆ ಹೌಸಿಂಗ್ ಪ್ಲಾಸ್ಟಿಕ್ಕಿನದು, ಅದು ಕೂತಿರುವುದು ಅಲ್ಯೂಮಿನಿಯಂ ಮೇಲೆ. ಬಿಸಿಯಾದಾಗ ಎರಡೂ ಹಿಗ್ಗುವ ಪ್ರಮಾಣ ಬೇರೆ ಬೇರೆ. ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣಿದಾಗ ಆ ಸಂದಿ ಕೂದಲೆಳೆಯಷ್ಟು ಅಲುಗುತ್ತದೆ. ಗಟ್ಟಿಯಾಗಿ ಕೂತ ಪುಡಿ ಆ ಅಲುಗಾಟಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ರಬ್ಬರ್ ರಿಂಗ್ ಅಲ್ಲಿರುವುದೇ ಬಗ್ಗುವುದಕ್ಕಾಗಿ.

ಹೌಸಿಂಗಿನ ಮುಖದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ಬೆಳಕು ತೂರಿ ಬರುತ್ತಿತ್ತು. ಸೊಟ್ಟಗಾಗಿದೆ ಎಂದರ್ಥ. ಇದಕ್ಕೆ ಬರೀ ಹೊಸ ರಿಂಗ್ ಹಾಕಿದರೆ ಮತ್ತೆ ಅದೇ ಹಾಡು. ಥರ್ಮೋಸ್ಟಾಟ್ ಸಮೇತ ಹೊಸ ಹೌಸಿಂಗೇ ತರಿಸಿದೆ.

ಹಳೆಯ ಥರ್ಮೋಸ್ಟಾಟನ್ನು ಕುತೂಹಲಕ್ಕೆಂದು ಪರೀಕ್ಷೆ ಮಾಡಿದೆ. ಅದರ ಮೇಲೆ 88 ಎಂದು ಅಚ್ಚೊತ್ತಿತ್ತು, ಎಂದರೆ 88 ಡಿಗ್ರಿಗೆ ತೆರೆಯಲು ಶುರುಮಾಡಬೇಕು. ಅಲ್ಲಿಯವರೆಗೆ ಮುಚ್ಚಿದ್ದು ಎಂಜಿನ್ ಬೇಗ ಬಿಸಿಯಾಗಲು ಬಿಡಬೇಕು. ಇದರ ವಾಲ್ವಿನ ಅಂಚಿಗೆ ಅದೇ ತರಿ ಕಚ್ಚಿಕೊಂಡು ತಣ್ಣೀರಿನಲ್ಲೂ ಪೂರ್ತಿ ಮುಚ್ಚುತ್ತಿರಲಿಲ್ಲ. ಬೆಳಗಿನ ಹೊತ್ತು ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರಲು ಅಷ್ಟು ತಡ ಮಾಡುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ತೆರೆದೇ ಸಿಕ್ಕಿಕೊಂಡಿದ್ದಕ್ಕೆ ಬರೀ ಪೆಟ್ರೋಲ್ ಜಾಸ್ತಿ ಕುಡಿಯಿತು. ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿದ್ದರೆ ಎಂಜಿನ್ನೇ ಬೆಂದುಹೋಗುತ್ತಿತ್ತು.

ಹೊಸ ಹೌಸಿಂಗ್ ಕೂರಿಸುವುದು ದೊಡ್ಡ ಕೆಲಸವಲ್ಲ. ಸಮಯ ಹಿಡಿದದ್ದು ಅದು ಕೂರುವ ಜಾಗವನ್ನು ಶುಚಿ ಮಾಡಲು. ಅಲ್ಯೂಮಿನಿಯಂ ಮೆತ್ತನೆಯ ಲೋಹ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಗೀರು ಬಿದ್ದು ಅದೇ ಹೊಸ ಲೀಕಿನ ದಾರಿಯಾಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ನಾರಿಲ್ಲದ ಬಟ್ಟೆಯಿಂದ ಒರೆಸಿದೆ. ಓ-ರಿಂಗಿಗೆ ಸ್ವಲ್ಪ ಕೂಲಂಟ್ ಸವರಿದೆ, ಅಷ್ಟೇ. ಅದರ ಮೇಲೆ ಸಿಲಿಕೋನ್ ಗಮ್ ಮೆತ್ತುವ ಅಭ್ಯಾಸ ಹಲವರಿಗಿದೆ. ಓ-ರಿಂಗ್ ಇರುವ ಕಡೆ ಅದು ಬೇಕಾಗಿಲ್ಲ, ಒಳಗೆ ಉಬ್ಬಿ ಬಂದ ಗಮ್ ಕಿತ್ತುಕೊಂಡು ರೇಡಿಯೇಟರ್ ಸೇರುತ್ತದೆ. ಬೋಲ್ಟುಗಳು ಆರು ಮಿಲಿಮೀಟರಿನವು. ನನ್ನ ಕಾರಿನ ಮ್ಯಾನ್ಯುಯಲ್ ಹೇಳಿದ್ದು 10 ನ್ಯೂಟನ್ ಮೀಟರ್. ಕೈ ತಡೆಯದೆ ಇನ್ನೊಂದು ಸುತ್ತು ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ, ಇಲ್ಲವೇ ಅಲ್ಯೂಮಿನಿಯಂನಲ್ಲಿ ಕೊರೆದ ಬೋಲ್ಟಿನ ಥ್ರೆಡ್ಡೇ ಕಿತ್ತು ಬರುತ್ತದೆ.

ಬರೀ ನೀರು ತುಂಬಿಸಿ ಮತ್ತೆ ಟೆಸ್ಟರ್ ಹಚ್ಚಿದೆ. ಹೌಸಿಂಗ್ ಒಣಗಿಯೇ ಇತ್ತು. ಮುಳ್ಳು ಮಾತ್ರ ಇಳಿಯಿತು. ಮೊದಲಿನಷ್ಟು ವೇಗವಾಗಿ ಅಲ್ಲ, ಆದರೆ ಇಳಿಯಿತು.

ಕಾಣುವ ಲೀಕ್ ಸಿಕ್ಕಿದೆ, ಸರಿಮಾಡಿಯಾಗಿದೆ, ಕಾರು ಓಡುತ್ತದೆ, ಸಾಕು ಎನ್ನಿಸುವುದು ಇಂಥ ಹೊತ್ತಿನಲ್ಲೇ. ಟೆಸ್ಟರಿನ ಬೆಲೆ ಅರ್ಥವಾಗುವುದೂ ಇಲ್ಲೇ. ಹನಿ ಬೀಳುತ್ತಿಲ್ಲ ಎಂಬುದು ಅದಕ್ಕೆ ಲೆಕ್ಕವಿಲ್ಲ. ಒತ್ತಡ ನಿಂತಿತೋ ಇಲ್ಲವೋ, ಅಷ್ಟನ್ನೇ ಹೇಳುತ್ತದೆ. ಟೈಮಿಂಗ್ ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಕನ್ನಡಿ ಇಳಿಬಿಟ್ಟೆ. ವಾಟರ್ ಪಂಪಿನ ಮೈಮೇಲೆ ಒಂದು ಸಣ್ಣ ತೂತಿದೆ, ಅದರಿಂದ ಕೆಳಗೆ ಗುಲಾಬಿ ಪುಡಿಯ ಒಂದು ಸಣ್ಣ ಧಾರೆ ಒಣಗಿ ಹೆಪ್ಪುಗಟ್ಟಿತ್ತು.

ಆ ತೂತು ಕಂಪನಿಯವರೇ ಕೊರೆದಿರುವುದು, ವೀಪ್ ಹೋಲ್ ಅಂತ ಹೆಸರು. ಪಂಪಿನ ಶಾಫ್ಟಿಗೆ ಒಂದು ಕಡೆ ಕೂಲಂಟ್, ಇನ್ನೊಂದು ಕಡೆ ಬೇರಿಂಗ್. ನಡುವೆ ಒಂದು ಸೀಲ್. ಸೀಲ್ ಸವೆದಾಗ ದಾಟಿ ಬಂದ ಕೂಲಂಟ್ ಬೇರಿಂಗಿಗೆ ನುಗ್ಗಿ ಅದರ ಗ್ರೀಸ್ ತೊಳೆಯದೆ ಹೊರಗೆ ಹೋಗಲಿ, ನೋಡಿದವರಿಗೆ ಪಂಪ್ ಮುಗಿಯುತ್ತಾ ಬಂತೆಂದು ಗೊತ್ತಾಗಲಿ ಎಂದು ಬಿಟ್ಟ ದಾರಿ ಅದು. ಅದನ್ನು ಮುಚ್ಚುವುದೆಂದರೆ ಎಚ್ಚರಿಕೆ ಕೊಡುವವನ ಬಾಯಿ ಕಟ್ಟಿದ ಹಾಗೆ. ಮುಚ್ಚಿದವರನ್ನೂ ಕೇಳಿ ಬಲ್ಲೆ.

ಪಂಪಿನ ಕೆಲಸಕ್ಕೆ ಕೈ ಹಾಕುವಷ್ಟು ಸಾಧನ ನನ್ನಲ್ಲಿರಲಿಲ್ಲ. ಟೈಮಿಂಗ್ ಬೆಲ್ಟ್ ಬಿಚ್ಚಬೇಕು, ಮತ್ತೆ ಕೂರಿಸುವಾಗ ಪಿಸ್ಟನ್ನುಗಳ ಶಾಫ್ಟಾದ ಕ್ರ್ಯಾಂಕು ಮತ್ತು ವಾಲ್ವುಗಳ ಶಾಫ್ಟಾದ ಕ್ಯಾಮಿನ ಗುರುತು ಒಂದು ಹಲ್ಲೂ ತಪ್ಪದೆ ಕೂರಬೇಕು. ಇಂಥ ಎಂಜಿನ್ನುಗಳಲ್ಲೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ ವಿಷಯ ಹೇಳಿದೆ. “ಬೆಲ್ಟ್ ಮೇಲೆ ಬಿದ್ದಿದ್ಯಾ ನೋಡಿ” ಎಂದರು ಮೊದಲಿಗೇ. ಬೆಲ್ಟಿನ ಒಂದು ಅಂಚು ಬೆರಳಿಗೆ ಜಿಗುಟು ಜಿಗುಟಾಗಿ ತಗುಲಿತು. “ಹಂಗಾದ್ರೆ ಓಡಿಸ್ಬೇಡಿ ಸಾರ್, ಟೋ ಮಾಡಿಸ್ಕೊಂಡು ಬನ್ನಿ. ನೀರು ಕಮ್ಮಿ ಆದ್ರೆ ತುಂಬ್ಕೋಬಹುದು, ಬೆಲ್ಟ್ ಹೋದ್ರೆ ಹೆಡ್ಡೇ ಹೋಯ್ತು.”

ಅವರ ಮಾತಿನ ಹಿಂದಿರುವ ಲೆಕ್ಕ ಇದು. ಬಹುತೇಕ ಆಧುನಿಕ ಎಂಜಿನ್ನುಗಳಲ್ಲಿ ವಾಲ್ವು ಮತ್ತು ಪಿಸ್ಟನ್ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ಸರದಿ ಕಾಯುವುದು ಟೈಮಿಂಗ್ ಬೆಲ್ಟ್. ಪಂಪಿನ ಬೇರಿಂಗ್ ಬಿಗಿದುಕೊಂಡೋ, ಕೂಲಂಟ್ ನೆನೆದು ರಬ್ಬರ್ ಹಾಳಾಗಿಯೋ ಬೆಲ್ಟ್ ತುಂಡಾದರೆ, ತೆರೆದೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಬಂದು ಗುದ್ದುತ್ತದೆ. ತಿಂಗಳಿಗೆ ಒಂದು ಲೋಟ ಕೂಲಂಟ್ ಕುಡಿಯುವ ಲೀಕ್ ನೋಡಲು ಚಿಕ್ಕದು. ಎಷ್ಟು ಸೋರುತ್ತಿದೆ ಎನ್ನುವುದಕ್ಕಿಂತ ಎಲ್ಲಿ ಬೀಳುತ್ತಿದೆ ಎನ್ನುವುದನ್ನು ನೋಡಬೇಕಿತ್ತು. ಬಾಟಲಿ ಹಾಕಿ ಹೌಸಿಂಗಿನ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದ್ದರೆ ನಾನು ಬೆಲ್ಟ್ ಕವರ್ ಬಿಚ್ಚುತ್ತಲೇ ಇರಲಿಲ್ಲ.

ಪಂಪ್ ಹೊರಗೆ ತೆಗೆದ ಮೇಲೆ ಅವರು ಅದನ್ನು ನನ್ನ ಕೈಗೆ ಕೊಟ್ಟು “ಅಲ್ಲಾಡಿಸಿ ನೋಡಿ” ಎಂದರು. ಶಾಫ್ಟ್ ಮೇಲೆ ಕೆಳಗೆ ಆಡುತ್ತಿತ್ತು. ಒಳಗಿನ ಸೀಲ್ ಎಂದರೆ ಒಂದರ ಮೇಲೊಂದು ಉಜ್ಜಿಕೊಂಡು ತಿರುಗುವ ಎರಡು ನುಣುಪಾದ ಉಂಗುರ, ಸಾಮಾನ್ಯವಾಗಿ ಒಂದು ಕಾರ್ಬನ್ನಿನದು, ಇನ್ನೊಂದು ಸಿರಾಮಿಕ್ಕಿನದು. ಅವುಗಳ ನಡುವೆ ಜಾರಿಕೆಗೆ ಇರುವುದು ಕೂಲಂಟಿನದೇ ಒಂದು ತೆಳು ಪದರ. ಆ ಜಾಗಕ್ಕೆ ತಾಮ್ರದ ಚೂರು ಹೊಕ್ಕರೆ ಮುಚ್ಚುವುದಿಲ್ಲ, ಗೀರುತ್ತದೆ. ತಿರುಗುವ ಭಾಗದ ಲೀಕಿಗೆ ಪುಡಿ ಅಂಟುವುದಾದರೂ ಹೇಗೆ? ಪಂಪ್ ಹಳೆಯದೂ ಆಗಿತ್ತು ಬಿಡಿ, ಎಲ್ಲವನ್ನೂ ಬಾಟಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಂಪಿನ ಜೊತೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಶನರ್, ದಾರಿಯಲ್ಲಿಡುವ ಐಡ್ಲರ್ ಎಲ್ಲ ಹೊಸದು ಹಾಕಿದರು. ಮಜೂರಿಯ ದೊಡ್ಡ ಪಾಲು ಬಿಚ್ಚಿ ಜೋಡಿಸುವುದಕ್ಕೇ ಹೋಗುವುದರಿಂದ ಇವನ್ನು ಬಿಡಿಬಿಡಿಯಾಗಿ ಬದಲಿಸುವುದರಲ್ಲಿ ಉಳಿತಾಯವಿಲ್ಲ.

ಇಷ್ಟಾದ ಮೇಲೂ ವ್ಯವಸ್ಥೆಯೊಳಗೆ ಆ ಕೆಸರು ಇದ್ದೇ ಇತ್ತು. ಹೊಸ ಪಂಪಿಗೆ ಅದನ್ನೇ ಕುಡಿಸುವಂತಿಲ್ಲ. ನೀರು ತುಂಬಿಸುವುದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ರೇಡಿಯೇಟರ್ ಫ್ಯಾನ್ ಬರುವವರೆಗೆ ಎಂಜಿನ್ ಓಡಿಸುವುದು, ತಣಿದ ಮೇಲೆ ಖಾಲಿ ಮಾಡುವುದು. ಬಂದ ನೀರು ತಿಳಿಯಾಗುವವರೆಗೆ ಇದೇ ಕೆಲಸ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬಾರದು, ಬ್ಲಾಕೋ ಹೆಡ್ಡೋ ಬಿರುಕು ಬಿಡಬಹುದು. ಹಾಗಾಗಿ ಪ್ರತಿ ಸುತ್ತಿಗೂ ಗಂಟೆಗಟ್ಟಲೆ ಕಾಯಬೇಕು. ಲೀಕ್ ಸರಿಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಂದಿನವರು ಸುರಿದದ್ದನ್ನು ತೆಗೆಯಲು ಹೋಯಿತು.

ಹೀಗೆ ಖಾಲಿ ಮಾಡಿದ್ದನ್ನು ಚರಂಡಿಗೆ ಚೆಲ್ಲಬಾರದು, ತೆರೆದ ಟಬ್ಬಿನಲ್ಲಿ ಬಿಡಲೂಬಾರದು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ನಾಲಿಗೆಗೆ ಸಿಹಿ, ಹೊಟ್ಟೆಗೆ ವಿಷ. ದೇಹದಲ್ಲಿ ಅದು ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡ ಕೆಡಿಸುತ್ತದೆ. ನಾಯಿ, ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ, ಮಕ್ಕಳಿಗೂ ಅಷ್ಟೇ ಅಪಾಯ. ಮುಚ್ಚಳವಿರುವ ಕ್ಯಾನಿಗೆ ಸುರಿದು, ಹಳೆಯ ಆಯಿಲ್, ಕೂಲಂಟ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಟ್ಟೆ.

ರೇಡಿಯೇಟರ್ ಕಟ್ಟಿಕೊಂಡಿದೆಯೋ ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಿದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ತಪ್ಪು ಲೆಕ್ಕ ಕೊಡುತ್ತದೆ, ಅದಕ್ಕೇ ಅಲ್ಲಲ್ಲಿ ಕಪ್ಪು ಟೇಪಿನ ಚೂರು ಅಂಟಿಸಿ ಅದರ ಮೇಲೆ ಹಿಡಿಯಬೇಕು. ಬಿಸಿ ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಉಷ್ಣತೆ ಹಂತಹಂತವಾಗಿ ಇಳಿದರೆ ಸರಿ. ನಡುವೆ ಎಲ್ಲಾದರೂ ಒಂದು ಪಟ್ಟಿ ಥಟ್ಟನೆ ತಣ್ಣಗಿದ್ದರೆ ಅಲ್ಲಿ ಕೊಳವೆ ಮುಚ್ಚಿದೆ ಎಂದು ಲೆಕ್ಕ. ಅದೃಷ್ಟಕ್ಕೆ ರೇಡಿಯೇಟರ್ ಪಾರಾಗಿತ್ತು. ಹೀಟರ್ ಕೋರ್ ಪಾರಾಗಿರಲಿಲ್ಲ. ಅದಕ್ಕೆ ಹೋಗುವ ಹೋಸು 85 ಡಿಗ್ರಿ, ಬರುವ ಹೋಸು 50. ಒಳಗೆ ಹರಿವು ಕುಂಟುತ್ತಿದೆ. ಎರಡೂ ಹೋಸು ಬಿಚ್ಚಿ, ಹೊರಹೋಗುವ ಬಾಯಿಯಿಂದ ಹಿಂದುಮುಂದಾಗಿ ನೀರು ಬಿಟ್ಟೆ. ನಲ್ಲಿಯನ್ನು ಸಣ್ಣಗೆ ಇಟ್ಟು ಮಾತ್ರ. ಜೋರಾಗಿ ಬಿಟ್ಟರೆ ತೆಳುವಾದ ಕೋರ್ ಒಡೆಯುತ್ತದೆ, ಆಮೇಲೆ ಲೀಕ್ ಕಾರಿನ ಒಳಗೇ. ಕಂದು ತರಿ ಬೊಗಸೆಯಷ್ಟು ಬಂತು. ಮತ್ತೆ ಅಳೆದಾಗ ಬರುವ ಹೋಸು 68ಕ್ಕೆ ಏರಿತ್ತು.

ಕೂಲಂಟ್ ತುಂಬಿಸುವಲ್ಲಿ ಒಂದು ಸಣ್ಣ ಗಣಿತವಿದೆ. ಡ್ರೈನ್ ಪ್ಲಗ್ ಬಿಚ್ಚಿದರೆ ಎಲ್ಲ ಖಾಲಿಯಾಗುವುದಿಲ್ಲ, ಬ್ಲಾಕಿನಲ್ಲೂ ಹೀಟರಿನಲ್ಲೂ ನೀರು ಉಳಿಯುತ್ತದೆ. ಅದರ ಮೇಲೆ ಮೊದಲೇ ಬೆರೆಸಿದ ಕೂಲಂಟ್ ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ನನ್ನ ಕಾರಿನ ಒಟ್ಟು ಸಾಮರ್ಥ್ಯ 6 ಲೀಟರ್. ಹಾಗಾಗಿ ನೀರು ಬೆರೆಸದ 3 ಲೀಟರ್ ಕಾನ್ಸಂಟ್ರೇಟ್ ಮೊದಲು ಹಾಕಿ, ಮಿಕ್ಕ ಜಾಗವನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿಸಿದೆ. ಒಳಗೆ ಉಳಿದ ನೀರೂ ಸೇರಿ ಅರ್ಧಕ್ಕರ್ಧ ಬರುತ್ತದೆ. ಗಡಸು ನೀರಿನಲ್ಲಿ ಸುಣ್ಣದಂಶ ಕಟ್ಟುವುದರಿಂದ ಕೊನೆಯ ಸುತ್ತು ತೊಳೆದದ್ದೂ ಡಿಸ್ಟಿಲ್ಡ್ ವಾಟರಿನಲ್ಲೇ. ಬಣ್ಣ ನೋಡಿ ಕೂಲಂಟ್ ಕೊಳ್ಳುವುದು ಬೇಡ. ಬಣ್ಣಕ್ಕೆ ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ, ಮ್ಯಾನ್ಯುಯಲ್ಲಿನಲ್ಲಿ ಬರೆದಿರುವ ಸ್ಪೆಸಿಫಿಕೇಶನ್ ನೋಡಬೇಕು.

ಇನ್ನು ಗಾಳಿ. ಒಳಗೆ ಗಾಳಿಗುಳ್ಳೆ ಉಳಿದರೆ ಅದು ಎತ್ತರದ ಜಾಗದಲ್ಲಿ ಸೇರಿಕೊಂಡು, ಅಲ್ಲಿ ಕೂಲಂಟ್ ತಾಗದೆ ಲೋಹ ಸುಡುತ್ತದೆ. ಸೆನ್ಸರ್ ಇರುವ ಕಡೆಯೇ ಗಾಳಿ ಕೂತರೆ ಎಂಜಿನ್ ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ತೋರಿಸಬಹುದು. ಕೂಲಂಟ್ ತೀರಾ ಕಮ್ಮಿಯಾದ ಕಾರಿನಲ್ಲೂ ಹೀಗೇ ಆಗುತ್ತದೆ. ಮುಳ್ಳಿಗಿಂತ ಮೊದಲು ಹೀಟರ್ ಸುಳಿವು ಕೊಡುತ್ತದೆ, ಬಿಸಿಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಕಾರು ನಿಲ್ಲಿಸುವುದು ಒಳ್ಳೆಯದು. ಕಾರಿನ ಮುಂಭಾಗ ಎತ್ತರಕ್ಕೆ ಬರುವ ಹಾಗೆ ನಿಲ್ಲಿಸಿ, ಹೌಸಿಂಗಿನ ಮೇಲೆ ಗಾಳಿ ಬಿಡಿಸಲೆಂದೇ ಇರುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಒಂದೇ ಸಮನೆ ಧಾರೆ ಬರುವವರೆಗೆ ನಿಧಾನವಾಗಿ ತುಂಬಿಸಿದೆ. ಮರುದಿನ ತಣ್ಣಗಿರುವಾಗ ಮಟ್ಟ ಸ್ವಲ್ಪ ಇಳಿದಿತ್ತು, ಅದು ನಿರೀಕ್ಷಿತ. ಗೆರೆಗೆ ತುಂಬಿಸಿ ಟೆಸ್ಟರ್ ಹಚ್ಚಿ 1.1ಕ್ಕೆ ಪಂಪ್ ಮಾಡಿದೆ. ಮುಳ್ಳು ಇಳಿಯಲಿಲ್ಲ.

ಇಷ್ಟೆಲ್ಲ ಅನುಭವಿಸಿದವನು ತಾತ್ಕಾಲಿಕ ಉಪಾಯಗಳನ್ನೇ ಬೈಯುತ್ತಾನೆ ಎಂದುಕೊಳ್ಳಬೇಡಿ. ನನ್ನ ಡಿಕ್ಕಿಯಲ್ಲಿ ಈಗಲೂ ಸಿಲಿಕೋನ್ ಟೇಪಿನ ಸುರುಳಿಯಿದೆ, ತನಗೆ ತಾನೇ ಬೆಸೆದುಕೊಳ್ಳುವಂಥದ್ದು. ಹೋಸು ಸೀಳಿದರೆ ಎಂಜಿನ್ ತಣಿದ ಮೇಲೆ ಒರೆಸಿ ಎಳೆದೆಳೆದು ಸುತ್ತಿದರೆ ಗ್ಯಾರೇಜಿನವರೆಗೆ ತಡೆಯುತ್ತದೆ. ಪ್ಲಾಸ್ಟಿಕ್ ಟ್ಯಾಂಕಿನ ಬಿರುಕಿಗೆ ಎಪಾಕ್ಸಿ ಹಚ್ಚಿಕೊಂಡೂ ಊರು ಸೇರಬಹುದು. ನಾಳೆ ಟೇಪ್ ಬಿಚ್ಚಿ ಹೋಸು ಬದಲಿಸಿದರೆ ಆ ಉಪಾಯದ ಗುರುತೂ ಉಳಿಯುವುದಿಲ್ಲ. ಬಾಟಲಿಯ ವಿಷಯದಲ್ಲಿ ಈ ಸೌಲಭ್ಯವಿಲ್ಲ, ಒಳಗೆ ಸುರಿದದ್ದು ಪೂರ್ತಿಯಾಗಿ ವಾಪಸ್ ಬರುವುದೇ ಇಲ್ಲ. ನಾನು ಎಳೆಯುವ ಗೆರೆ ಇಷ್ಟೇ: ಹೊರಗಿನಿಂದ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಒಳಗೆ ಸುರಿಯುವುದಕ್ಕೆ ಬಲವಾದ ಕಾರಣ ಬೇಕು.

ಬಲವಾದ ಕಾರಣವೂ ಇರಬಹುದು. ಸಹಾಯ ಸಿಗದ ಕಡೆ ರೇಡಿಯೇಟರಿಗೆ ಕಲ್ಲು ಬಡಿದು ಸೂಜಿಮೊನೆಯಷ್ಟು ತೂತಾದರೆ ಸುರಿದುಕೊಂಡು ಹೊರಡಿ, ಯಾರೂ ತಪ್ಪೆನ್ನುವುದಿಲ್ಲ. ಜನರಲ್ ಮೋಟಾರ್ಸ್ ಕಂಪನಿ ತನ್ನ ಕೆಲವು ಕ್ಯಾಡಿಲ್ಯಾಕ್ ಎಂಜಿನ್ನುಗಳ ಕೂಲಂಟಿಗೆ ಸೀಲಂಟ್ ಗುಳಿಗೆಗಳನ್ನು ತಾನೇ ಹಾಕುತ್ತಿತ್ತು. ಹಾಗಾಗಿ ಎಲ್ಲ ಸೀಲಂಟೂ ಎಂಜಿನ್ ಕೊಲ್ಲುತ್ತದೆ ಎನ್ನುವುದೂ ಅತಿಯೇ. ಆದರೆ ಕಂಪನಿ ಅಳೆದು ಹಾಕುವುದು ಬೇರೆ, ಲೀಕ್ ಎಲ್ಲಿದೆಯೆಂದು ಗೊತ್ತಿಲ್ಲದೆ ಬಾಟಲಿ ಮಗುಚುವುದು ಬೇರೆ. ಹಾಗೆ ಹಾಕಲೇಬೇಕಾಗಿ ಬಂದರೆ ಗ್ಯಾರೇಜ್ ತಲುಪಿದೊಡನೆ ಮೆಕ್ಯಾನಿಕ್‌ಗೆ ಹೇಳಿಬಿಡಿ. ಒಳಗೆ ಗಟ್ಟಿಯಾಗುವ ಮೊದಲೇ ತೊಳೆದರೆ ಬಹಳಷ್ಟು ಹೊರಗೆ ಬರುತ್ತದೆ. ಕಾರು ಮಾರುವಾಗ ಕೊಳ್ಳುವವರಿಗೂ ಹೇಳಿ. ನನಗೆ ಯಾರೂ ಹೇಳಿರಲಿಲ್ಲ. ಈಗ ಹಳೆಯ ಕಾರು ನೋಡಲು ಸ್ನೇಹಿತರು ಕರೆದಾಗ ಮೊದಲು ಮಾಡುವ ಕೆಲಸ, ತಣ್ಣಗಿರುವ ಎಂಜಿನ್ನಿನ ಮುಚ್ಚಳ ತೆರೆದು ಒಳಗೋಡೆಗೆ ಬೆರಳು ಸವರುವುದು. ಬೆರಳಿಗೆ ತರಿ ತಗುಲಿದರೆ ಆ ಕಾರಿನಲ್ಲಿ ಯಾರೋ ಏನೋ ಮುಚ್ಚಿಟ್ಟಿದ್ದಾರೆ.

ಕೂಲಂಟ್ ಮಟ್ಟ ಈಗ ಗೆರೆ ಬಿಟ್ಟು ಕದಲಿಲ್ಲ, ವಾಸನೆಯೂ ಇಲ್ಲ. ಹೀಟರ್ ಮಾತ್ರ ಪೂರ್ತಿ ಸರಿಹೋಗಿಲ್ಲ. ಚಾಲಕನ ಕಡೆ ಚೆನ್ನಾಗಿ ಬಿಸಿ ಬರುತ್ತದೆ, ಪಕ್ಕದ ಸೀಟಿನ ಕಡೆ ಉಗುರುಬೆಚ್ಚಗೆ. ಗಾಜಿನ ಮಂಜು ಬಿಡಿಸುವುದಕ್ಕೆ ಅಷ್ಟು ಸಾಕು. ಹೊಸ ಕೋರ್ ಹಾಕಬೇಕಾದರೆ ಈ ಕಾರಿನಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು. ಎಸಿಯ ಕೂಲಿಂಗ್ ಕಾಯಿಲೂ ಅದೇ ಪೆಟ್ಟಿಗೆಯಲ್ಲಿರುವುದರಿಂದ ಎಸಿ ಗ್ಯಾಸನ್ನೂ ತೆಗೆಯಬೇಕು. ಎಸಿ ಕೆಲಸಕ್ಕೆಂದು ಹೇಗೂ ಅದನ್ನು ಬಿಚ್ಚುವ ದಿನ ಬಂದಾಗ ಎರಡನ್ನೂ ಒಟ್ಟಿಗೆ ಮಾಡಿಸುವುದೆಂದು ಮೆಕ್ಯಾನಿಕ್ ಜೊತೆ ಮಾತಾಡಿ ಬಿಟ್ಟಿದ್ದೇನೆ.